ಬಿದ್ದ ಕ್ಯಾಮರಾ, ಬಾಗಿದ ಬಳೆ

ಕೈಜಾರಿ ನೆಲಕ್ಕೆ ಬಿದ್ದ ವಸ್ತುಗಳಲ್ಲಿ ಎರಡು ಬಗೆಯುಂಟು. ಮಡಕೆಯು ಬಿದ್ದರೆ ಒಡೆದುದು ಎಲ್ಲರ ಕಣ್ಣಿಗೂ ಕಾಣುವುದು. ಅದರ ವಿಚಾರದಲ್ಲಿ ಮುಂದೆ ಮಾಡತಕ್ಕುದೇನೂ ಉಳಿಯುವುದಿಲ್ಲ. ಅಳೆಯುವ ಉಪಕರಣವು ಬಿದ್ದರೆ ಹಾಗಲ್ಲ. ಹೊರಗೆ ಒಂದು ಸಣ್ಣ ನೆಗ್ಗು ಮಾತ್ರ ಕಾಣಬಹುದು. ಒಳಗೆ ಕೂದಲೆಳೆಯಷ್ಟು ಓರೆಯಾಗಿದ್ದರೆ ಸಾಕು, ಅಂದಿನಿಂದ ಅದು ಹೇಳುವುದೆಲ್ಲವೂ ಸುಳ್ಳಾಗುತ್ತದೆ. ಆ ಓರೆಯನ್ನು ಕಂಡುಹಿಡಿದು ತಿದ್ದುವ ಕೈಗೆಲಸಕ್ಕೆ ನಮ್ಮ ನಾಡಿನಲ್ಲಿ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯು ಬೆಂಗಳೂರಿನೊಡನೆ ಹೆಣೆದುಕೊಂಡಿರುವುದನ್ನು ಬಲ್ಲವರು ಕೆಲವರೇ.

ಬೆಂಗಳೂರು ದಂಡಿನ ರೈಲು ನಿಲ್ದಾಣಕ್ಕೆ ಉತ್ತರದಲ್ಲಿ, ಮಿಲ್ಲರ್ಸ್ ರಸ್ತೆ ಮತ್ತು ನಂದಿದುರ್ಗ ರಸ್ತೆಗಳ ನೆರೆಯಲ್ಲಿ ಬೆನ್ಸನ್ ಟೌನು ಇದೆ. ಅಲ್ಲಿಯ ಹಳೆಯ ಬಂಗಲೆಗಳಲ್ಲಿ ಅನೇಕವು ಅಳಿದು ಆ ಸ್ಥಳದಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿದೆ. ಆದರೂ ಇಂತಹ ಬಡಾವಣೆಗಳ ಮನೆಗಳಲ್ಲಿ, ಬೀರುವಿನ ಮೇಲಣ ಹಲಗೆಯಲ್ಲಿ, ಅಜ್ಜನ ಕಾಲದ ಫಿಲ್ಮು ಕ್ಯಾಮರಾವೊಂದು ತನ್ನ ಚರ್ಮದ ಚೀಲದೊಡನೆ ಮಲಗಿರುವುದು ಅಪೂರ್ವವೇನೂ ಅಲ್ಲ. ಒಂದು ದಿನ ಮಗುವೊಂದು ಎಳೆಯುತ್ತದೆ, ಅಥವಾ ಒಣಗಿದ ಚರ್ಮದ ಪಟ್ಟಿಯು ಹರಿಯುತ್ತದೆ. ಕ್ಯಾಮರಾವು ನೆಲದ ಕಲ್ಲಿಗೆ ಬೀಳುತ್ತದೆ. ಮಸೂರದ ಮುಂಬಳೆಯು ನೆಗ್ಗಿದೆ. ಕಿಂಡಿಯಲ್ಲಿ ನೋಡಿದರೆ ಒಂದಾಗಿ ಕಾಣಬೇಕಾದ ಮುಖವು ಎರಡಾಗಿ ಕಾಣುತ್ತದೆ. ಮನೆಯವರು ಆಗ ಕೇಳುವ ಪ್ರಶ್ನೆಗಳು ಎರಡು: ಇದನ್ನು ಸರಿಮಾಡಲು ಸಾಧ್ಯವೆ? ಸಾಧ್ಯವಾದರೆ, ಸರಿಮಾಡುವವರು ಇನ್ನೂ ಇದ್ದಾರೆಯೆ? ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ಮುಖವು ಎರಡಾಗಿ ಕಂಡುದೇಕೆಂಬುದನ್ನು ತಿಳಿಯಬೇಕು.

ಹಳೆಯ ಕ್ಯಾಮರಾಗಳಲ್ಲಿ ದೂರಮಾಪಕವುಳ್ಳವುಗಳದು ಒಂದು ದೊಡ್ಡ ಜಾತಿ. ಇಂತಹ ಕ್ಯಾಮರಾದ ನೆತ್ತಿಯಲ್ಲಿ, ಒಂದರಿಂದೊಂದಕ್ಕೆ ಕೆಲವು ಸೆಂಟಿಮೀಟರುಗಳ ಅಂತರದಲ್ಲಿ, ಎರಡು ಪುಟ್ಟ ಕಿಟಕಿಗಳಿರುತ್ತವೆ. ಒಂದರ ಮೂಲಕ ಬಂದ ಬಿಂಬವು ಅರೆಪಾರದರ್ಶಕವಾದ ಕನ್ನಡಿಯನ್ನು ದಾಟಿ ನೇರವಾಗಿ ಕಣ್ಣಿಗೆ ತಲಪುವುದು. ಮತ್ತೊಂದರ ಮೂಲಕ ಬಂದುದು ಪ್ರತಿಫಲಿಸಿ ಅದರ ಮೇಲೆ ಬಂದು ಕೂಡುವುದು. ಮಸೂರದ ಬಳೆಯನ್ನು ತಿರುಗಿಸಿದಂತೆ ಒಳಗಣ ಸನ್ನೆಯು ಸರಿದು ಎರಡನೆಯ ಬಿಂಬವನ್ನು ಹೊರಳಿಸುತ್ತದೆ. ಎರಡೂ ಒಂದಾದ ಕ್ಷಣದಲ್ಲಿ ಮಸೂರವು ಸರಿಯಾದ ದೂರಕ್ಕೆ ನಿಂತಿರುತ್ತದೆ. ಇದರ ಗುಟ್ಟು ತ್ರಿಕೋಣಮಿತಿಯಲ್ಲದೆ ಬೇರೆಯಲ್ಲ. ಎರಡು ಕಿಟಕಿಗಳ ನಡುವಣ ಅಂತರವು ತ್ರಿಕೋಣದ ಪಾದ. ಆ ಪಾದವೂ ಕೋಣವೂ ತಿಳಿದರೆ ಎದುರಿಗಿರುವ ವಸ್ತುವಿನ ದೂರವು ತಾನಾಗಿ ತಿಳಿಯುವುದು. ಜರ್ಮನಿಯ ಲೈಕಾ ಕ್ಯಾಮರಾವು 1925ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಹೊರಬಂದಾಗ ಈ ಏರ್ಪಾಡು ಅದರೊಳಗಿರಲಿಲ್ಲ. 1932ರಲ್ಲಿ ದೂರಮಾಪಕವನ್ನು ಮಸೂರದೊಡನೆ ಜೋಡಿಸಿದರು. ಅದರ ಪಾದದ ಉದ್ದವು ಕೇವಲ 39 ಮಿಲಿಮೀಟರು. 1954ರ ಎಂ-3 ಎಂಬ ಮಾದರಿಯಲ್ಲಿ ಅದು 68.5 ಮಿಲಿಮೀಟರಿಗೆ ಬೆಳೆಯಿತು.

ಈಗ, ಅಂಗೈಯಗಲದ ಈ ತ್ರಿಕೋಣವನ್ನು ಬಿಟ್ಟು ಮೈಲಿಗಟ್ಟಲೆ ಅಗಲವಾದ ತ್ರಿಕೋಣಗಳ ಕಡೆಗೆ ತಿರುಗೋಣ. ಎರಡರ ಧರ್ಮವೂ ಒಂದೇ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಆ ಯುದ್ಧದಲ್ಲಿ ಇದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ದಕ್ಷಿಣ ದೇಶವನ್ನೆಲ್ಲ ತ್ರಿಕೋಣಗಳಿಂದ ಅಳೆಯುವ ಯೋಜನೆಯೊಂದನ್ನು ಕುಂಪಣಿ ಸರ್ಕಾರದ ಮುಂದಿಟ್ಟನು. 1800ರ ಕೊನೆಯಲ್ಲಿ ಅವನು ಮೊದಲನೆಯ ಪಾದರೇಖೆಯನ್ನು ಅಳೆದುದು ಬೆಂಗಳೂರಿನ ಪೂರ್ವದ ಬಯಲಿನಲ್ಲಿ, ಬಾಣಸವಾಡಿ ಮತ್ತು ಅಗರಗಳ ಸೀಮೆಯಲ್ಲಿ. ಉದ್ದವು ಸುಮಾರು ಏಳೂವರೆ ಮೈಲಿ. ಅಳೆಯಲು ಬಳಸಿದ 100 ಅಡಿಯ ಉಕ್ಕಿನ ಸರಪಳಿಗೂ ಒಂದು ಕಥೆಯುಂಟು. ಅದು ಮೆಕಾರ್ಟ್ನಿ ರಾಯಭಾರಿಯೊಡನೆ ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದು ಮಾರಾಟವಾಗಿ, ಲ್ಯಾಂಬ್ಟನ್ನನ ಕೈಸೇರಿತ್ತು.

1802ರ ಏಪ್ರಿಲಿನಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಹೊಸ ಪಾದರೇಖೆಯೊಂದಿಗೆ ಮಹಾ ಮೋಜಣಿಯು ವಿಧಿವತ್ತಾಗಿ ಮೊದಲಾಯಿತು. ಅಲ್ಲಿಂದ ತ್ರಿಕೋಣದ ಬೆನ್ನಿಗೆ ತ್ರಿಕೋಣವನ್ನು ಕಟ್ಟುತ್ತ ಮೈಸೂರು ಸೀಮೆಗೆ ಬಂದ ಮೇಲೆ, ಲೆಕ್ಕವು ಸರಿಯೆ ತಪ್ಪೆ ಎಂಬುದನ್ನು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದರು. ಮದರಾಸಿನಿಂದ ಗಣಿಸಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸವು ನಾಲ್ಕು ಅಂಗುಲವನ್ನು ಮುಟ್ಟಲಿಲ್ಲ. ಇದೇ ಮೋಜಣಿಯು ಮಂಗಳೂರಿನ ಕಡಲನ್ನು ಮುಟ್ಟಿದಾಗ, ಹಿಂದಿನ ಭೂಪಟಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು 40 ಮೈಲಿಯಷ್ಟು ಹೆಚ್ಚಾಗಿ ತೋರಿಸಿದ್ದುವೆಂಬುದು ಹೊರಬಿದ್ದಿತು.

ಕೋಣಗಳನ್ನು ಅಳೆಯಲು ಲ್ಯಾಂಬ್ಟನ್ನನಿಗೆ ಇದ್ದ ಉಪಕರಣವು ಲಂಡನ್ನಿನ ವಿಲಿಯಂ ಕ್ಯಾರಿಯು ಮಾಡಿದ ದೊಡ್ಡ ಥಿಯೊಡೊಲೈಟು. ಅದರ ಅಡ್ಡ ಬಳೆಯ ವ್ಯಾಸ 36 ಅಂಗುಲ. ಇಡೀ ಯಂತ್ರದ ತೂಕ ಸುಮಾರು ಅರ್ಧ ಟನ್ನು. ಸಮುದ್ರದಲ್ಲಿ ಬರುವಾಗಲೇ ಅದು ಫ್ರೆಂಚರ ಹಡಗಿನ ಪಾಲಾಗಿ ಮಾರಿಷಸ್ ದ್ವೀಪಕ್ಕೆ ಹೋಗಿ, ಶಾಸ್ತ್ರದ ಉಪಕರಣವೆಂಬ ಗೌರವದಿಂದ ಬಿಡುಗಡೆಯಾಗಿ ಮದರಾಸನ್ನು ಸೇರಿತ್ತು. ಶತ್ರುವಿನ ಕೈಯಿಂದ ಪಾರಾದ ಆ ಯಂತ್ರಕ್ಕೆ ಕೇಡು ಬಂದುದು ಒಂದು ಹಗ್ಗದಿಂದ.

ತಂಜಾವೂರಿನ ಸೀಮೆಯು ಗುಡ್ಡಗಳಿಲ್ಲದ ಬಯಲು. ತೆಂಗು ತಾಳೆಗಳ ತೋಪುಗಳು ದೃಷ್ಟಿಯನ್ನು ತಡೆಯುತ್ತವೆ. ಆದುದರಿಂದ ಮೋಜಣಿಯವರು ದೇವಾಲಯಗಳ ಗೋಪುರಗಳನ್ನೇ ಬೆಟ್ಟಗಳನ್ನಾಗಿ ಮಾಡಿಕೊಳ್ಳಬೇಕಾಯಿತು. 1808ರಲ್ಲಿ ಬೃಹದೀಶ್ವರ ದೇವಾಲಯದ ಸುಮಾರು 200 ಅಡಿ ಎತ್ತರದ ವಿಮಾನದ ಮೇಲಕ್ಕೆ ಥಿಯೊಡೊಲೈಟನ್ನು ಸೇದುತ್ತಿರುವಾಗ, ಅದನ್ನು ಗೋಡೆಯಿಂದ ದೂರ ಹಿಡಿದಿದ್ದ ಹಗ್ಗವು ಹರಿಯಿತು. ಯಂತ್ರವು ತೂಗಿ ಬಂದು ಕಲ್ಲುಗೋಡೆಗೆ ಅಪ್ಪಳಿಸಿತು. ಕೋಣಗಳ ಅಂಕಗಳನ್ನು ಕೊರೆದಿದ್ದ ದೊಡ್ಡ ಬಳೆಯು ಸೊಟ್ಟಗಾಯಿತು. ಅದನ್ನು ಹಿಡಿದಿದ್ದ ಅರೆಕಾಲುಗಳು ಬಾಗಿದುವು.

ವೃತ್ತವು ವೃತ್ತವಾಗಿಯೇ ಉಳಿಯದಿದ್ದರೆ ಕೋಣಮಾಪಕಕ್ಕೆ ಅರ್ಥವಿಲ್ಲ. ಲಂಡನ್ನಿಗೆ ಕಳುಹಿಸಿದರೆ ಹಡಗಿನಲ್ಲಿ ಹೋಗಿ ಬರಲು ವರ್ಷಗಳೇ ಬೇಕು. ಲ್ಯಾಂಬ್ಟನ್ನನು ಮಾಡಿದುದನ್ನು ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನು ವಿವರಿಸಿದ್ದಾನೆ. ಲ್ಯಾಂಬ್ಟನ್ನನು ಯಂತ್ರವನ್ನು ಡೇರೆಯೊಳಗಿಟ್ಟುಕೊಂಡು, ಮುಖ್ಯ ಕುಶಲಿಗರ ಹೊರತು ಯಾರನ್ನೂ ಒಳಗೆ ಬಿಡದೆ, ಅದನ್ನು ಬಿಡಿಬಿಡಿಯಾಗಿ ಕಳಚಿದನು. ಒಂದು ದೊಡ್ಡ ಚಪ್ಪಟೆಯ ಹಲಗೆಯಲ್ಲಿ ಬಳೆಯು ಮೊದಲು ಎಷ್ಟಿದ್ದಿತೋ ಅಷ್ಟೇ ಅಳತೆಯ ವೃತ್ತವನ್ನು ಕೊರೆಯಿಸಿದನು. ಬೆಣೆ, ತಿರುಪು, ರಾಟೆಗಳ ಸಹಾಯದಿಂದ ಸೊಟ್ಟಗಾದ ಬಳೆಯನ್ನು ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಹೊರಕ್ಕೆಳೆದು ಆ ವೃತ್ತಕ್ಕೆ ಕೂಡಿಸುತ್ತ ಬಂದನು. ಬಾಗಿದ ಅರೆಕಾಲುಗಳನ್ನು ಸಣ್ಣ ಮರದ ಕೊಡತಿಗಳಿಂದ ತಟ್ಟಿ ನೆಟ್ಟಗೆ ಮಾಡಿದರು. ಆರು ವಾರಗಳಲ್ಲಿ ಬಳೆಯು ತನ್ನ ಪೂರ್ವದ ಆಕಾರಕ್ಕೆ ಬಹುಮಟ್ಟಿಗೆ ಮರಳಿತು. ಮೋಜಣಿಯು ಮುಂದೆ ಸಾಗಿತು.

'ಬಹುಮಟ್ಟಿಗೆ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಒಮ್ಮೆ ಬಾಗಿದ ಹಿತ್ತಾಳೆಯು ಬಾಗದ ಹಿತ್ತಾಳೆಯಾಗುವುದಿಲ್ಲ. ಆದುದರಿಂದ ಒಂದೇ ಕೋಣವನ್ನು ಬಳೆಯ ಬೇರೆಬೇರೆ ಭಾಗಗಳಲ್ಲಿ ಮತ್ತೆಮತ್ತೆ ಓದಿ ಸರಾಸರಿಯನ್ನು ಹಿಡಿಯುವ ಪದ್ಧತಿಯು ಇಂತಹ ಕೆಲಸಕ್ಕೆ ಅನಿವಾರ್ಯ. ದುರಸ್ತಿಯಾದ ಉಪಕರಣವನ್ನು ನಂಬಬೇಕು, ಆದರೆ ಅದರ ದೋಷವನ್ನು ಅರಿತು ನಂಬಬೇಕು.

ಲ್ಯಾಂಬ್ಟನ್ನನೊಡನೆ ಡೇರೆಯಲ್ಲಿದ್ದ ಕುಶಲಿಗರ ಹೆಸರುಗಳು ಪ್ರಸಿದ್ಧವಾಗಿಲ್ಲ. ಆದರೆ ಅವರ ತರುವಾಯದ ಒಬ್ಬನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಎವರೆಸ್ಟನು 1830ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುವಾಗ ಹೆನ್ರಿ ಬ್ಯಾರೊ ಎಂಬ ಉಪಕರಣಕಾರನನ್ನು ಕರೆತಂದು ಕಲ್ಕತ್ತೆಯಲ್ಲಿ ಕಾರ್ಖಾನೆಯನ್ನಿಟ್ಟನು. ಕ್ಯಾರಿಯ ಹಳೆಯ ಥಿಯೊಡೊಲೈಟೂ ಅಲ್ಲಿ ಹೊಸದಾಗಿ ಅಣಿಗೊಂಡಿತು. ಬ್ಯಾರೊ ಬಿಟ್ಟುಹೋದ ಬಳಿಕ ಆ ಕೆಲಸವನ್ನು ಹೊತ್ತವನು ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನ್. ಅವನು ಮದರಾಸಿನ ಒಡವೆಯಂಗಡಿಯಲ್ಲಿ ಕೈಪಳಗಿದವನು. ಯೂರೋಪಿನ ಯಾವ ಕಾರ್ಖಾನೆಯನ್ನೂ ಕಂಡವನಲ್ಲ. ದೇಶೀಯನೊಬ್ಬನಿಗೆ ಆ ಪದವಿಯನ್ನು ಕೊಡಲು ಸರ್ಕಾರವು ಹಿಂದೆಮುಂದೆ ನೋಡಿದರೂ, ಎವರೆಸ್ಟನು ಬಲವಾಗಿ ವಾದಿಸಿ 1843ರಲ್ಲಿ ಅವನಿಗೆ ಅದನ್ನು ದೊರಕಿಸಿದನು. ಒಡವೆಯ ಕೆಲಸದಲ್ಲಿ ಕಲಿತ ಕೈಯು ನಕ್ಷತ್ರಗಳನ್ನು ಅಳೆಯುವ ಬಳೆಗಳಿಗೆ ಗೆರೆ ಕೊರೆಯುವುದಕ್ಕೂ ಸಾಕಾಯಿತು. ಈ ಕಲ್ಕತ್ತೆಯ ಉಪಕರಣಾಲಯವೇ ಬೆಳೆದು 1957ರಲ್ಲಿ ನ್ಯಾಷನಲ್ ಇನ್ಸ್ಟ್ರುಮೆಂಟ್ಸ್ ಎಂಬ ಸರ್ಕಾರಿ ಸಂಸ್ಥೆಯಾಗಿ, ಮುಂದೆ 'ನ್ಯಾಷನಲ್ 35' ಎಂಬ ಫಿಲ್ಮು ಕ್ಯಾಮರಾವನ್ನು ತಯಾರಿಸಿತು. ಥಿಯೊಡೊಲೈಟಿನ ವಂಶದಲ್ಲಿ ಕ್ಯಾಮರಾವು ಹುಟ್ಟಿದುದು ಹೀಗೆ.

ಬೆಂಗಳೂರು ದಂಡಿಗೆ ಕ್ಯಾಮರಾವು ಬಂದುದೂ ಸೇನೆಯವರ ಕೈಯಲ್ಲಿಯೇ. ಮದರಾಸು ಸೇನೆಯ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿಯು 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದು, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವುಗಳನ್ನು ತೋರಿಸಿ ಪದಕವನ್ನು ಪಡೆದನು. ಬರ್ಮಾ ದೇಶಕ್ಕೆ ಹೋಗಿ ಬಂದು, ಅಲ್ಲಿಯ 120 ಚಿತ್ರಗಳ 50 ಪ್ರತಿಗಳನ್ನು, ಎಂದರೆ 6,000 ಹಾಳೆಗಳನ್ನು, ಅಚ್ಚುಹಾಕಿಸಿದುದು ಬೆಂಗಳೂರಿನಲ್ಲಿ. ಅವನ ಕಾಗದದ ಋಣಪ್ರತಿಗಳಲ್ಲಿ ಆಕಾಶವು ಬರಿದಾಗಿ ಬರುತ್ತಿದ್ದುದರಿಂದ ಅವುಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ತುಂಬುತ್ತಿದ್ದನು. ಆ ಕಾಲದ ಕ್ಯಾಮರಾವು ಮರದ ಪೆಟ್ಟಿಗೆ. ಬಿದ್ದರೆ ಬಡಗಿಯೇ ವೈದ್ಯ. 1888ರಲ್ಲಿ ಕೊಡ್ಯಾಕ್, 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದ ಮೇಲೆ ಕ್ಯಾಮರಾವು ಗೃಹಸ್ಥರ ಮನೆಯನ್ನು ಹೊಕ್ಕಿತು. ಲೈಕಾದಂತಹವು ಬಂದ ಮೇಲೆ ಅದು ಗಡಿಯಾರದಂತೆ ಸೂಕ್ಷ್ಮವಾಯಿತು, ವೈದ್ಯನೂ ಬದಲಾಗಬೇಕಾಯಿತು.

ಹೀಗೆ ಸೂಕ್ಷ್ಮವಾದ ಕ್ಯಾಮರಾವು ಬಿದ್ದಾಗ ನಡೆಯುವುದೇನು, ಬಲ್ಲ ಕುಶಲಿಗನು ಅದನ್ನು ಹೇಗೆ ತಿದ್ದುವನು ಎಂಬುದನ್ನು ಈಗ ನೋಡಬಹುದು. ಮೊದಲನೆಯ ನಿಯಮವು ಕ್ಯಾಮರಾದ ಒಡೆಯನಿಗೆ ಸೇರಿದುದು: ಬಿದ್ದ ಕ್ಯಾಮರಾದ ಬಳೆಯನ್ನಾಗಲಿ ಕೀಲಿಯನ್ನಾಗಲಿ ಬಲವಂತದಿಂದ ತಿರುಗಿಸಬಾರದು. ಮಸೂರವನ್ನು ಮುಂದಕ್ಕೂ ಹಿಂದಕ್ಕೂ ಒಯ್ಯುವ ಮರೆಗಳು ಬಹಳ ನಯವಾದುವು. ಪೆಟ್ಟಿನಿಂದ ಕೆಡದ ಮರೆಯು ಆತುರದಿಂದ ಕೆಡುವುದುಂಟು.

ಕುಶಲಿಗನು ಮೊದಲು ಮುಂಬಳೆಯ ನೆಗ್ಗನ್ನು ನೋಡುತ್ತಾನೆ. ಬಳೆಯ ದುಂಡಿಗೆ ಸರಿಯಾಗಿ ಕೊರೆದ ಮರದ ತುಂಡನ್ನು ಆನಿಸಿ ಕೊಡತಿಯಿಂದ ತಟ್ಟುತ್ತಾನೆ. ಅಥವಾ ತಿರುಪಿನಿಂದ ಒಳಗಿನಿಂದ ಹೊರಕ್ಕೆ ಒತ್ತುವ ಸಣ್ಣ ಹಿಡಿಕೆಯನ್ನು ಬಳಸುತ್ತಾನೆ. ಹಿತ್ತಾಳೆಯು ಬಗ್ಗಿ ಕೊಡುತ್ತದೆ; ಅಲ್ಯುಮಿನಿಯಮ್ಮು ಅವಸರ ಮಾಡಿದರೆ ಸೀಳುತ್ತದೆ. 1808ರ ಡೇರೆಯಲ್ಲಿ 36 ಅಂಗುಲದ ಬಳೆಗೆ ಮಾಡಿದ ಉಪಚಾರವನ್ನೇ ಇಲ್ಲಿ ಎರಡು ಅಂಗುಲದ ಬಳೆಗೆ ಮಾಡುವುದು. ಬೆಣೆ, ತಿರುಪು, ಕೊಡತಿ, ತಾಳ್ಮೆ. ಈ ನಾಲ್ಕರಲ್ಲಿ ಯಾವುದೂ ಬದಲಾಗಿಲ್ಲ.

ಎರಡನೆಯದು, ಮಸೂರವು ಕುಳಿತುಕೊಳ್ಳುವ ಪೀಠ. ಹಳೆಯ ತಿರುಪಿನ ಲೈಕಾದಲ್ಲಿ ಪೀಠದಿಂದ ಫಿಲ್ಮಿನವರೆಗೆ 28.8 ಮಿಲಿಮೀಟರು ಇರಬೇಕು. ನಾಲ್ಕು ಕಡೆಗಳಲ್ಲಿಯೂ ಅಷ್ಟೇ ಇರಬೇಕು. ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟು ಓರೆಯಾದರೂ ಚಿತ್ರದ ಒಂದು ಅಂಚು ಸ್ಫುಟವಾಗಿ ಮತ್ತೊಂದು ಅಂಚು ಮಸುಕಾಗುತ್ತದೆ. ಫಿಲ್ಮು ಇರತಕ್ಕ ಸ್ಥಳದಲ್ಲಿ ಮಸಿದ ಗಾಜಿನ ಚೂರೊಂದನ್ನಿಟ್ಟು, ತೆರೆಯನ್ನು ತೆರೆದೇ ಹಿಡಿದು, ಬಹು ದೂರದ ಗೋಪುರವನ್ನೋ ಚಂದ್ರನನ್ನೋ ಭೂತಗನ್ನಡಿಯಲ್ಲಿ ನೋಡಿ ಇದನ್ನು ಪರೀಕ್ಷಿಸುತ್ತಾರೆ.

ಮೂರನೆಯದು ದೂರಮಾಪಕ. ಇದನ್ನು ಮೂರನೆಯದಾಗಿ ಮಾಡುವುದಕ್ಕೆ ಕಾರಣವುಂಟು. ಮಸೂರವು ತಪ್ಪಾಗಿ ನಿಂತಿರುವಾಗಲೇ ದೂರಮಾಪಕವನ್ನು ಅದಕ್ಕೆ ಹೊಂದಿಸಿಬಿಟ್ಟರೆ, ಎರಡು ಸುಳ್ಳುಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಕಿಂಡಿಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ, ಫಿಲ್ಮಿನಲ್ಲಿ ಎಲ್ಲವೂ ಮಸುಕಾಗಿರುತ್ತದೆ. ಆದುದರಿಂದಲೇ ಲ್ಯಾಂಬ್ಟನ್ನನ ಮೋಜಣಿಯು ತನ್ನ ಗಣಿತವನ್ನೇ ನಂಬಿ ಕೂರದೆ ಬೆಂಗಳೂರಿನ ನೆಲದ ಮೇಲೆ ಎರಡನೆಯ ರೇಖೆಯನ್ನೆಳೆದು ನೋಡಿತು. ದೂರಮಾಪಕಕ್ಕೆ ಮೂರು ತಿದ್ದುಪಡಿಗಳು: ಬಿಂಬಗಳು ಒಂದರ ಮೇಲೊಂದು ಏರಿಳಿದಿದ್ದರೆ ಒಂದು, ದೂರದ ವಸ್ತುವಿಗೆ ಒಂದು, ಹತ್ತಿರದ ವಸ್ತುವಿಗೆ ಒಂದು. ಒಂದನ್ನು ಮುಟ್ಟಿದರೆ ಮತ್ತೊಂದು ಅಲುಗುತ್ತದೆ. ಮೂರೂ ಒಪ್ಪುವವರೆಗೆ ಕುಶಲಿಗನು ಅದೇ ತಿರುಪುಗಳಿಗೆ ಹತ್ತಾರು ಬಾರಿ ಹಿಂದಿರುಗಬೇಕು.

ಕೊನೆಯಲ್ಲಿ ತೆರೆಗಳೂ ಹಿಂಬಾಗಿಲೂ ಬರುತ್ತವೆ. ರಬ್ಬರು ಲೇಪಿಸಿದ ಬಟ್ಟೆಯ ಎರಡು ತೆರೆಗಳು ಸಮವೇಗದಲ್ಲಿ ಓಡದಿದ್ದರೆ ಚಿತ್ರದ ಒಂದು ಪಾರ್ಶ್ವವು ಕಪ್ಪಾಗುತ್ತದೆ. ಹಿಂಬಾಗಿಲು ಎಳ್ಳಷ್ಟು ಬಾಗಿದ್ದರೂ ಬೆಳಕು ಸೋರಿ ಚಿತ್ರದ ಮೇಲೆ ಬಿಳಿಯ ಗೆರೆಗಳೇಳುತ್ತವೆ. ಬಿದ್ದ ನೆಪದಲ್ಲಿ ಬಿಚ್ಚಿದಾಗ ಹಳೆಯ ರೋಗಗಳೂ ಹೊರಬೀಳುವುದುಂಟು: ಗಟ್ಟಿಯಾದ ಎಣ್ಣೆ, ಬಿರಿದ ತೆರೆ, ಗಾಜಿನ ಮೇಲೆ ಹಬ್ಬಿದ ಬೂಷ್ಟು. ಎಲ್ಲವೂ ಸಾಧ್ಯವೆಂದು ಹೇಳಲಾಗದು. ಒಡೆದ ಕನ್ನಡಿಗೆ ಬದಲು ಹಾಕಬಹುದು. ಸತ್ತುಹೋದ ಸೆಲೀನಿಯಮ್ ಬೆಳಕುಮಾಪಕವನ್ನು ಬದುಕಿಸುವುದು ದುಸ್ತರ. ಸೀಳಿದ ಒಡಲಿಗೆ ಮತ್ತೊಂದು ಸತ್ತ ಕ್ಯಾಮರಾದ ಒಡಲನ್ನೇ ತರಬೇಕು.

ಸ್ವಾತಂತ್ರ್ಯ ಬಂದ ಬಳಿಕ ಈ ಕೈಗೆಲಸಕ್ಕೆ ಒಂದು ವಿಚಿತ್ರವಾದ ಸುಭಿಕ್ಷ ಕಾಲವು ಒದಗಿತು. ಅದಕ್ಕೆ ಕಾರಣವು ದುರ್ಭಿಕ್ಷವೇ. ವಿದೇಶಿ ವಿನಿಮಯದ ಅಭಾವದಿಂದ ಹೊರಗಿನ ಕ್ಯಾಮರಾಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧ ಬಿದ್ದಿತು. ಬರೋಡೆಯಲ್ಲಿ ಆಗ್ಫಾ ಕ್ಲಿಕ್ಕಿನಂತಹ ಸರಳವಾದ ಕ್ಯಾಮರಾಗಳು ತಯಾರಾದುವು. 1960ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯು 1967ರಿಂದ 'ಇಂದು' ಎಂಬ ಹೆಸರಿನ ಫಿಲ್ಮನ್ನು ಒದಗಿಸಿತು. ಆದರೆ ಸೂಕ್ಷ್ಮವಾದ ಕ್ಯಾಮರಾವು ಒಮ್ಮೆ ಕೈಸೇರಿದರೆ ಮತ್ತೊಂದು ಸಿಕ್ಕುವ ಭರವಸೆಯಿರಲಿಲ್ಲ; ಬಿದ್ದರೆ ತಿದ್ದಿಸಲೇಬೇಕು. ಇದೇ ಕಾಲದಲ್ಲಿ, 1961ರಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಎಚ್. ಎಂ. ಟಿ. ಕೈಗಡಿಯಾರಗಳ ಕಾರ್ಖಾನೆಯು ಬೆಂಗಳೂರಿನಲ್ಲಿ ಮೊದಲಾಗಿ, ಸಣ್ಣ ತಿರುಪು ಸಣ್ಣ ಸುರುಳಿಗಳ ಕೆಲಸವು ಈ ಊರಿಗೆ ಸಹಜವಾಯಿತು.

1991ರ ತರುವಾಯ ಆಮದಿನ ಬಾಗಿಲುಗಳು ತೆರೆದುವು. ಹೊಸ ಶತಮಾನದಲ್ಲಿ ಡಿಜಿಟಲ್ ಕ್ಯಾಮರಾ ಬಂದಿತು. 2012ರಲ್ಲಿ ಕೊಡ್ಯಾಕ್ ಸಂಸ್ಥೆಯೇ ದಿವಾಳಿಯ ರಕ್ಷಣೆಯನ್ನು ಬೇಡಿತು. ಉದಕಮಂಡಲದ ಕಾರ್ಖಾನೆಯೂ ಗಡಿಯಾರದ ಕಾರ್ಖಾನೆಯೂ ಅದೇ ದಶಕದಲ್ಲಿ ಮುಚ್ಚಿದುವು. ಬಿದ್ದುದನ್ನು ತಿದ್ದಿಸುವುದಕ್ಕಿಂತ ಹೊಸದನ್ನು ಕೊಳ್ಳುವುದು ಸುಲಭವಾದಾಗ ಕುಶಲಿಗರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಈಚಿನ ವರ್ಷಗಳಲ್ಲಿ ತರುಣರು ಮತ್ತೆ ಫಿಲ್ಮಿನ ಕಡೆಗೆ ತಿರುಗಿದ್ದಾರೆ. ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಫಿಲ್ಮು ಇಂದಿಗೂ ತಯಾರಾಗುತ್ತಿದೆ. ಫಿಲ್ಮನ್ನು ಯಂತ್ರಗಳು ಮತ್ತೆ ಮಾಡಬಲ್ಲುವು. ಕುಶಲಿಗನ ಕೈಯನ್ನು ಮಾಡಲಾರವು. ಯಾವ ತಿರುಪನ್ನು ಎಷ್ಟು ಬಿಗಿಯಬೇಕು, ಹಿತ್ತಾಳೆಯು ಯಾವಾಗ ಸಾಕೆನ್ನುತ್ತದೆ ಎಂಬ ತಿಳಿವಳಿಕೆಯು ಗ್ರಂಥಗಳಲ್ಲಿ ಪೂರ್ತಿಯಾಗಿ ಇಳಿಯುವುದಿಲ್ಲ. ಒಂದು ತಲೆಮಾರಿನ ಪಕ್ಕದಲ್ಲಿ ಮತ್ತೊಂದು ತಲೆಮಾರು ಕುಳಿತು ನೋಡಿದರೆ ಮಾತ್ರ ಅದು ದಾಟುವುದು. ಮೊಹಸಿನ್ ಹುಸೇನನ ಕೈಯೂ ಒಡವೆಯಂಗಡಿಯ ಮಣೆಯ ಮೇಲೆಯೇ ಪಳಗಿದ್ದಿತು.

ಬೆನ್ಸನ್ ಟೌನಿನಿಂದ ಸ್ವಲ್ಪ ದೂರ ಹೋದರೆ ಮೇಖ್ರಿ ವೃತ್ತದ ಬಳಿ, 1868ರಲ್ಲಿ ಬೆಂಗಳೂರಿನ ಪಾದರೇಖೆಯನ್ನು ಮತ್ತೆ ಅಳೆದಾಗಿನ ಮೋಜಣಿ ಗೋಪುರವು ನೋಡಸಿಕ್ಕುತ್ತದೆ. ವಾಹನಗಳ ಸಂದಣಿಯಲ್ಲಿ ಅದನ್ನು ಗಮನಿಸುವವರು ವಿರಳ. ಅಳತೆಯನ್ನು ಒಮ್ಮೆ ಮಾಡಿದರೆ ಸಾಲದು, ಮತ್ತೆ ಮಾಡಿ ನೋಡಬೇಕೆಂದು ತಿಳಿದವರು ಅದನ್ನು ಕಟ್ಟಿದರು. ಮನೆಯ ಹಳೆಯ ಕ್ಯಾಮರಾವು ಬಿದ್ದಾಗ ಅದನ್ನು ಬಲವಂತದಿಂದ ತಿರುಗಿಸದೆ, ಬಟ್ಟೆಯಲ್ಲಿ ಸುತ್ತಿ, ಈ ಕೆಲಸವನ್ನು ಬಲ್ಲ ಹಿರಿಯನೊಬ್ಬನನ್ನು ಹುಡುಕಿಕೊಂಡು ಹೋಗುವುದು ಒಳ್ಳೆಯದು. ಹೋಗುವಾಗ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಆ ಹಿರಿಯನು ಒಪ್ಪಿದರೆ, ಅವನ ಪಕ್ಕದಲ್ಲಿ ಒಂದು ಗಳಿಗೆ ಕೂರಿಸುವುದು ಇನ್ನೂ ಒಳ್ಳೆಯದು.